ಸಾಕು ಎಂಬ ಮಾತು

ನೀವು ನಮ್ಮ ಅಂಕೋಲೆಯ ಕಡೆ ಊಟಕ್ಕೆ ಬಂದಾಗ ಬಟ್ಟಲ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎಂದರೆ, ಅದನ್ನು ಯಾರೂ ನಿರಾಕರಣೆಯೆಂದು ತಿಳಿಯುವುದಿಲ್ಲ. ಇನ್ನೊಂದು ಸೌಟಿಗೆ ಸಂಕೋಚದಿಂದ ಕೊಟ್ಟ ಒಪ್ಪಿಗೆಯೆಂದೇ ಬಗೆದು, ಬೆರಳ ಸಂದಿಯಲ್ಲಿಯೇ ಸಾರು ಸುರಿಯುತ್ತಾರೆ. ಕನ್ನಡದಲ್ಲಿ ಸಾಕು ಎಂದರೆ ನಿಲ್ಲಿಸು ಎಂದೂ ಹೌದು, ಸಲಹು ಎಂದೂ ಹೌದು. ನನ್ನ ಮಾವಶಿ, ಅಂದರೆ ತಾಯಿ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಬೆಳೆಸಿದ ತಾಯಿಯ ಅಕ್ಕ, ಎರಡನೆಯ ಅರ್ಥವನ್ನಷ್ಟೇ ಬಲ್ಲವಳು. ನಾನು ಸಾಕು ಎಂದಾಗಲೆಲ್ಲ ಅವಳು ಸಾಕುತ್ತಲೇ ಬಂದಳು. ಅದರ ಗುರುತನ್ನು ನನ್ನ ಹೊಟ್ಟೆ ಇಂದಿಗೂ ಹೊತ್ತು ತಿರುಗುತ್ತಿದೆ.

ಬೊಬ್ರುವಾಡದ ನಮ್ಮ ಮನೆಯಲ್ಲಿ ಬಡಿಸುವವಳು ಅವಳೇ. ಎಲ್ಲರದೂ ಮುಗಿದ ಮೇಲೆ ಪಾತ್ರೆಯ ತಳದ ಗಟ್ಟಿ ಗಸಿ, ಹುರಿದ ಒಣಮೀನಿನ ಚೂರು, ಬೆಳಗಿನ ಗಂಜಿ, ಎಲ್ಲವನ್ನೂ ಚೆಲ್ಲಬಾರದೆಂದು ತನ್ನ ಹೊಟ್ಟೆಗೆ ಹಾಕಿಕೊಂಡು, ಮೇಲೊಂದು ತಂಬಾಕಿನ ಕವಳ ಜಗಿಯುತ್ತ ಕೂರುತ್ತಿದ್ದಳು. ರಕ್ತದೊತ್ತಡದ ಗುಳಿಗೆಯನ್ನು, ಮೈ ಹಗುರಾಯಿತೆಂದು ತಾನೇ ನಿಲ್ಲಿಸಿದ್ದಳು. ಎದೆ ಹಿಡಿದಂತಾದರೆ ಅದಕ್ಕೆ ಅವಳಲ್ಲಿ ಇದ್ದದ್ದು ಒಂದೇ ಹೆಸರು, ಪಿತ್ತ. ಒಂದೇ ಮದ್ದು, ಮುರುಗಲ ಹುಳಿ ನೆನೆಸಿ ಕುಡಿಯಲು ಮಾಡುವ ತಿಳಿಸಾರು, ನಮ್ಮ ಕಡೆಯ ಕಡಿ. ಕೆಂಪಗೆ ತಣ್ಣಗಿರುವ ಆ ಕಡಿಯ ಮೇಲೆ ನಮ್ಮವರಿಗಿರುವ ಭಕ್ತಿ ದೇವರ ಮೇಲೆಯೂ ಇದೆಯೋ ಇಲ್ಲವೋ ನಾ ಕಾಣೆ.

ಒಂದು ರವಿವಾರ ಮಧ್ಯಾಹ್ನ ಬಂಗಡೆ ಸಾರು ಬಡಿಸುತ್ತಿದ್ದವಳಿಗೆ ನಾನು ಎಂದಿನಂತೆ ಸಾಕು ಎಂದೆ. ಅವಳು ಸೌಟನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಉಣ್ಣುತ್ತಲೇ ಇದ್ದೆ. ಬೆಳಂಬಾರದವಳಾದ ನನ್ನ ಹೆಂಡತಿ ಕೈಯ ತುತ್ತನ್ನು ಅಲ್ಲೇ ಬಿಟ್ಟು ಎದ್ದಳು.

“ಮಾವಶಿ ನಿಮ್ಮ ಮಾತು ಕೇಳಿದ್ರು. ಅವರಿಗೆ ಎಂತದೋ ಆಗಿದೆ,” ಎಂದಳು.

ನೋಡಿದರೆ ಮಾವಶಿಯ ಹಣೆಯಲ್ಲಿ ತಣ್ಣನೆಯ ಬೆವರು. ದವಡೆ ಸೆಳೆಯುತ್ತಿದೆ, ಎಡ ಭುಜ ಭಾರ. ಪಿತ್ತ ಕೆರಳಿದೆ, ಕಡಿ ಕೊಡಿ ಎಂದು ಒಂದೇ ಹಟ. ಹೆಂಡತಿ ಕಡಿ ಕೊಡಲಿಲ್ಲ, ಆಂಬುಲೆನ್ಸ್ ಕರೆಸಿದಳು.

ಕಾರವಾರದಲ್ಲಿ ಇಸಿಜಿ ನೋಡಿದ ಕೂಡಲೇ ಹೃದಯಾಘಾತವೆಂದು ಔಷಧ ಕೊಟ್ಟು ಗೋವೆಗೆ ಕಳಿಸಿದರು; ಅಲ್ಲಿ ಕಟ್ಟಿಹೋಗಿದ್ದ ರಕ್ತನಾಳವನ್ನು ತೆರೆದು ಸ್ಟೆಂಟ್ ಕೂರಿಸಿದರು. ಎರಡನೆಯ ಸಲ ತಬ್ಬಲಿಯಾಗುವೆನೆಂದು ಹೆದರಿ ನಾನು ಬಾಗಿಲ ಹೊರಗೆ ಕೂತು ಅತ್ತೆ. ಆಮೇಲೆ ಡಾಕ್ಟರು ತಿಳಿಸಿ ಹೇಳಿದರು: ಹೃದಯಕ್ಕೆ ರಕ್ತ ಒಯ್ಯುವ ನಾಳದ ಒಳಗೋಡೆಯಲ್ಲಿ ಕೊಬ್ಬು ವರ್ಷಗಟ್ಟಲೆ ಸದ್ದಿಲ್ಲದೆ ಕೂಡುತ್ತದೆ, ಒಂದು ದಿನ ಅದು ಬಿರಿದು ಅಲ್ಲೇ ರಕ್ತ ಹೆಪ್ಪುಗಟ್ಟುತ್ತದೆ, ಹೆಂಗಸರಲ್ಲಿ ಅದು ಬರಿಯ ಸುಸ್ತಾಗಿ, ದವಡೆನೋವಾಗಿ, ಹೊಟ್ಟೆ ತೊಳಸಿದಂತೆಯೂ ಕಾಣಿಸಿಕೊಳ್ಳುವುದುಂಟು. ನನಗೆ ದೇವಬಾಗದ ಬಳಿ ಕಾಳಿ ನದಿ ಕಡಲು ಸೇರುವ ಅಳಿವೆ ನೆನಪಾಯಿತು; ಮೇಲೆ ನೀರು ತುಂಬಿ ಹರಿಯುತ್ತಲೇ ಇರುತ್ತದೆ, ಅಡಿಯಲ್ಲಿ ಮರಳು ಕೂತದ್ದು ದೋಣಿ ತಾಗಿದ ಮೇಲೆಯೇ ತಿಳಿಯುವುದು. ಉಪ್ಪು ಎಣ್ಣೆ ಮಿತವಾಗಿರಲಿ, ತಂಬಾಕು ಬೇಡವೇ ಬೇಡ, ಗುಳಿಗೆ ಬಿಡಬಾರದು, ದಿನವೂ ನಡೆಯಬೇಕು ಎಂದರು. ನನ್ನ ಚಿಂತೆ ಮಾತ್ರ ಬೇರೆಯೇ ಇತ್ತು. ತನ್ನ ನೋವು ಹೇಳಿಕೊಳ್ಳಲು ಬಾರದ ಇವಳು ಮುಂದಿನ ಸಲವೂ ಅದನ್ನು ಪಿತ್ತವೆಂದು ನುಂಗಿಬಿಟ್ಟರೆ?

ನಮ್ಮ ಭಾಷೆ ಧೈರ್ಯವನ್ನು ಎದೆಯಲ್ಲಿಟ್ಟಿತು, ಅಕ್ಕರೆಯನ್ನು ಕರುಳಿನಲ್ಲಿಟ್ಟಿತು. ಮಾವಶಿಯಂಥವರು ಜೀವಮಾನವಿಡೀ ಕರುಳಿನಿಂದಲೇ ಬದುಕಿದರು; ತಮಗೂ ಒಂದು ಎದೆಯಿದೆ, ಅದೂ ದಣಿಯುತ್ತದೆ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಈಗ ಅವಳು ನಮ್ಮ ಜೊತೆಗೇ ಊಟಕ್ಕೆ ಕೂರುತ್ತಾಳೆ. ಉಪ್ಪು ಕಡಿಮೆಯ ಸಾರನ್ನು ನನ್ನ ಹೆಂಡತಿಯ ಮುಂದೆ ಹೊಗಳಿ, ನನ್ನ ಕಿವಿಯಲ್ಲಿ ಬೈಯುತ್ತಾಳೆ. ಸಂಜೆ ನಾನೂ ಮಾವಶಿಯೂ ಕಡಲ ದಂಡೆಯಲ್ಲಿ ನಡೆಯುತ್ತೇವೆ. ಮೊದಮೊದಲು ದಣಿವಾಯಿತೇ ಎಂದು ಕೇಳಿದರೆ ಎಂತದೂ ಇಲ್ಲವೆಂದು ಮುಂದೆ ಮುಂದೆ ಹೋಗುತ್ತಿದ್ದಳು. ಏರಿದ ಉಸಿರು ಮಾತ್ರ ನನಗೆ ಕೇಳಿಸುತ್ತಿತ್ತು. ನಿನ್ನೆ, ನಾನು ಏನೂ ಕೇಳದಿರುವಾಗಲೇ, ನಿಂತು ನನ್ನ ತೋಳು ಹಿಡಿದಳು.

“ಇವತ್ತಿಗೆ ಸಾಕು ತಮಾ. ದಮ್ಮು ಕಟ್ತದೆ, ಕುಂತ್ಕಳ್ವ.”

ತನಗಾಗಿ ಅವಳು ಆ ಪದ ಆಡಿದ್ದು ಅದೇ ಮೊದಲು. ನಾನು ಇನ್ನಷ್ಟು ಎಂದು ಒತ್ತಾಯಿಸಲಿಲ್ಲ. ಅವಳ ಪಕ್ಕದಲ್ಲಿ ಮರಳಿನ ಮೇಲೆ ಕೂತೆ; ಅವಳ ಉಸಿರು ತಿಳಿಯಾಗುವವರೆಗೆ ಇಬ್ಬರೂ ಏಳಲಿಲ್ಲ.