ಕಲ್ಲಿನ ಬಾಗಿಲ ಆಟ

ಹನುಮಯ್ಯನವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಅನ್ನುತ್ತಾರೆ. ಹಾಗೆ ಅನ್ನುವವರು ಯಾರೂ ಅವರ ಪಕ್ಕದ ಹಾಸಿಗೆಯಲ್ಲಿ ಹನ್ನೊಂದು ತಿಂಗಳು ಮಲಗಿದವರಲ್ಲ.

ಯಲಹಂಕದಲ್ಲಿ ಬಡವರಿಗೆಂದು ಯಾರೋ ಪುಣ್ಯಾತ್ಮರು ನಡೆಸುತ್ತಿದ್ದ ಸಣ್ಣ ಡಯಾಲಿಸಿಸ್ ಕೇಂದ್ರ ಅದು. 2013ರಲ್ಲಿ ಸೋಮವಾರ, ಗುರುವಾರದ ಬೆಳಗಿನ ಪಾಳಿ ನಮ್ಮ ಮೂವರದು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದ ನಾನು, ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊತ್ತು ಹೊತ್ತು ಸೋತಿದ್ದ ಅಕ್ಬರ್ ಪಾಷಾ, ಬಾಗಲೂರಿನ ಹನುಮಯ್ಯ. ಮೂರು ಹಾಸಿಗೆ, ಮೂರು ಮಷಿನ್. ಕೈಗೆ ಸೂಜಿ ಚುಚ್ಚಿದರೆ ನಾಲ್ಕು ಗಂಟೆ ಆ ಕೈ ಅಲ್ಲಾಡಿಸುವಂತಿಲ್ಲ. ಉಳಿದ ಒಂದು ಕೈಯಲ್ಲಿ ಏನು ಮಾಡುವುದು? ಮೊದಮೊದಲು ನಾನು ಸುಮ್ಮನೆ ಅಳುತ್ತಿದ್ದೆ.

ಹನುಮಯ್ಯ ಪ್ರಾಯದಲ್ಲಿ ಟೆಂಟ್ ಸಿನಿಮಾದಲ್ಲಿ ಮಷಿನ್ ಓಡಿಸಿದವರು. ಟೆಂಟ್ ಮುಚ್ಚಿದ ಮೇಲೆ ಇಪ್ಪತ್ತು ವರ್ಷ ಅಪಾರ್ಟ್‌ಮೆಂಟುಗಳ ವಾಚ್‌ಮನ್ ಆಗಿ ಯಾರ್ಯಾರದೋ ಗೇಟು ತೆಗೆದರು, ಹಾಕಿದರು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿಯಿತು. ಬಾಯಿ ಮಾತ್ರ ಟೆಂಟಿನಲ್ಲೇ ಇತ್ತು. ಅವರು ನೂರಾರು ಸಲ ಓಡಿಸಿದ್ದ ಒಂದು ಮಾಯಾಮಂತ್ರದ ಕಪ್ಪು ಬಿಳುಪು ಚಿತ್ರದ ಕತೆಯನ್ನು ನಮಗೂ ಅಷ್ಟೇ ಸಲ ಹೇಳಿದ್ದಾರೆ. ಮೂವರು ಗೆಳೆಯರು ಮಾಂತ್ರಿಕನ ಗವಿಗೆ ಹೋಗಿ ರಾಜಕುಮಾರಿಯನ್ನು ಬಿಡಿಸುತ್ತಾರೆ. ವಾಪಸು ಬರುವಾಗ ಕಲ್ಲಿನ ಬಾಗಿಲು ಇಳಿಯತೊಡಗುತ್ತದೆ. ಮೂರನೆಯವನು ಹೆಗಲು ಕೊಟ್ಟು ತಡೆದು, ಉಳಿದವರನ್ನು ದಾಟಿಸಿ, ತಾನು ಅಲ್ಲೇ ಕಲ್ಲಾಗುತ್ತಾನೆ.

"ಆ ಹುಡುಗನ್ನ ದಿನಾ ಎರಡು ಸಲ ನಾನೇ ಸಾಯಿಸ್ತಿದ್ದೆ ಕಣಮ್ಮ," ಎನ್ನುತ್ತಿದ್ದರು. "ಜನ ಶಿಳ್ಳೆ ಒಡಿಯೋರು. ನಂಗೆ ಒಟ್ಟೆ ಉರಿಯೋದು."

ಒಂದು ಗುರುವಾರ ಟಿವಿ ಬಂದಿದ್ದ ರಟ್ಟಿನ ಡಬ್ಬ ಕತ್ತರಿಸಿ ಒಂದು ಆಟ ಬರೆದುಕೊಂಡು ಬಂದರು. ಕಾಡು, ಹಾವಿನ ಹೊಳೆ, ಗವಿ, ಕೊನೆಗೆ ಕಲ್ಲಿನ ಬಾಗಿಲು. ನನ್ನ ಕಾಯಿ ಗುಂಡಿ, ಪಾಷಾ ಅವರದು ಕಲ್ಲುಸಕ್ಕರೆ, ಹನುಮಯ್ಯನವರದು ಹುಣಸೆ ಬೀಜ. ಟಿಫನ್ ಡಬ್ಬಿಯ ಮುಚ್ಚಳದಲ್ಲಿ ಒಂಟಿ ಕೈಯಿಂದ ಕವಡೆ ಹಾಕುವುದು. ಮೂವರ ಸರದಿ ಮುಗಿದರೆ ಮಾಂತ್ರಿಕ ಒಂದು ಮನೆ ಹತ್ತಿರ ಬರುತ್ತಾನೆ. ಟೆಕ್ನಿಷಿಯನ್ ಹುಡುಗಿ ಮಲ್ಕಾ ಗಾಲಿಮೇಜನ್ನು ಹಾಸಿಗೆಯಿಂದ ಹಾಸಿಗೆಗೆ ತಳ್ಳುತ್ತಾ ಮಾಂತ್ರಿಕನನ್ನೂ ನಡೆಸುತ್ತಿದ್ದಳು. ಸಿನಿಮಾದಲ್ಲಿ ಇಲ್ಲದ ಒಂದು ನಿಯಮ ಮಾತ್ರ ಹನುಮಯ್ಯ ಸೇರಿಸಿದ್ದರು: ಬಾಗಿಲು ದಾಟಿದರೆ ಮೂವರೂ ದಾಟಬೇಕು, ಒಬ್ಬ ಉಳಿದರೂ ಎಲ್ಲರೂ ಸೋತ ಹಾಗೆ.

"ನಮ್ ನಮ್ಮಲ್ಲೇ ಸೋಲೋರು ಯಾರೂ ಇಲ್ದಿದ್ರೆ ಅದೆಂಥ ಆಟ?" ಎಂದು ಪಾಷಾ ಗೊಣಗಿದರು. ಮುಂದಿನ ಸೋಮವಾರ ಎಲ್ಲರಿಗಿಂತ ಮೊದಲು ಮುಚ್ಚಳ ಹಿಡಿದು ಕೂತಿದ್ದವರೂ ಅವರೇ.

ಹನ್ನೊಂದು ತಿಂಗಳಲ್ಲಿ ನಾಲ್ಕೇ ಸಲ ಗೆದ್ದೆವು.

ಆ ಕೊನೆಯ ಗುರುವಾರ ಹೋದಾಗ ಒಂದು ಮಷಿನ್ ಕೆಟ್ಟಿತ್ತು. ಬೇರೆ ಪಾಳಿಗಳೆಲ್ಲ ಭರ್ತಿ. ಯಾರಾದರೂ ಒಬ್ಬರು ಶನಿವಾರ ಬರಬೇಕೆಂದು ಮಲ್ಕಾ ಅಳುಮೋರೆ ಹಾಕಿಕೊಂಡು ಹೇಳಿದಳು. ಮೈಯಲ್ಲಿ ನೀರು ಯಾರಿಗೆ ಕಮ್ಮಿ ತುಂಬಿದೆಯೋ ಅವರು ಕಾಯುವುದು ನ್ಯಾಯ. ಅದು ತೂಕದಲ್ಲಿ ಗೊತ್ತಾಗುತ್ತದೆ. ಮಲ್ಕಾ ಕೆಟ್ಟ ಮಷಿನ್ನಿನ ಹತ್ತಿರ ಫೋನಿನಲ್ಲಿ ಕೂಗಾಡುತ್ತಿದ್ದಳು, ಹಾಗಾಗಿ ತೂಕ ನಾವೇ ನೋಡಿಕೊಂಡು ಹೇಳಬೇಕಾಯಿತು. ನನಗೆ ಎರಡು ಕಿಲೋ ಏರಿತ್ತು. ಪಾಷಾ ಅವರಿಗೆ ಮೂರು, ಆಗಲೇ ಏದುಸಿರು ಬಿಡುತ್ತಿದ್ದರು.

ಕೊನೆಗೆ ಹನುಮಯ್ಯ ಹತ್ತಿದರು. ಅವರ ಚೀಲ ಹಿಡಿದು ನಾನು ಹಿಂದೆಯೇ ನಿಂತಿದ್ದೆ. ಮೈಯಲ್ಲಿ ನೀರು ತುಂಬದಿದ್ದರೆ ಅವರ ತೂಕ ಐವತ್ತನಾಲ್ಕು. ಮುಳ್ಳು ಐವತ್ತೆಂಟನ್ನು ದಾಟಿ ನಿಂತಿತ್ತು.

"ಐವತ್ತೈದು, ಮಲ್ಕಾ. ಬರ್ಕೋ," ಎಂದರು. "ನಂಗೇ ಕಮ್ಮಿ. ನಾನು ಸನಿವಾರ ಬತ್ತೀನಿ."

ನಾನು ಬಾಯಿ ತೆರೆಯಬೇಕಿತ್ತು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದರೆ ಕಾಯುವ ಸರದಿ ನನ್ನದಾಗುತ್ತಿತ್ತು. ಹಿಂದಿನ ತಿಂಗಳು ಒಂದು ದಿನ ತಪ್ಪಿದ್ದಕ್ಕೆ ಉಸಿರು ಕಟ್ಟಿ, ಕೂತೇ ಬೆಳಗು ಮಾಡಿದ್ದೆ. ನನಗೆ ಭಯವಾಯಿತು, ಸುಮ್ಮನಿದ್ದೆ.

ಹನುಮಯ್ಯ ತಿರುಗಿ ನನ್ನನ್ನು ನೋಡಿದರು. ನಾನು ಮುಳ್ಳು ನೋಡಿದ್ದೆನೆಂದು ಅವರಿಗೆ ಗೊತ್ತಾಯಿತು. "ಚೀಲ ಇಂಗ್ ಕೊಡಿ ಸರಳಮ್ಮ," ಎಂದರು. ಅದರಿಂದ ರಟ್ಟು ತೆಗೆದು ಮೇಜಿನ ಮೇಲಿಟ್ಟರು. "ಆಟ ನಿಲ್ಲಿಸ್ಬೇಡಿ. ನನ್ ಬೀಜಾನೂ ನೀವೇ ನಡ್ಸಿ."

ಅವತ್ತು ಕವಡೆ ನಾವು ಕೇಳಿದ ಹಾಗೆ ಬಿತ್ತು. ಮಾಂತ್ರಿಕ ಮೂರು ಮನೆ ಹಿಂದಿರುವಾಗಲೇ ಗುಂಡಿ, ಕಲ್ಲುಸಕ್ಕರೆ, ಹುಣಸೆ ಬೀಜ ಮೂರೂ ಬಾಗಿಲು ದಾಟಿದವು. ಪಾಷಾ ಖುಷಿ ತಡೆಯಲಾರದೆ ಫೋನ್ ಮಾಡಿದರು. "ಹನುಮಯ್ಯಾ, ಗೆದ್ವಿ ಕಣ್ರೀ, ಮೂರೂ ಜನ." ಆ ಕಡೆ ಅವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಪಾಷಾ ನಗುತ್ತಲೇ ಇದ್ದರು. ಆಗಲಾದರೂ ನಾನು ಮಲ್ಕಾಗೆ ಹೇಳಬಹುದಿತ್ತು.

ಶುಕ್ರವಾರ ಸಂಜೆ ಅವರು ಹೋದರು. ಆಟೋದಲ್ಲಿ, ಆಸ್ಪತ್ರೆಯ ದಾರಿಯಲ್ಲಿ.

ಒಬ್ಬನನ್ನು ಬಿಟ್ಟು ದಾಟಬಾರದು ಎಂದು ಕೈಯಾರೆ ಬರೆದ ಮನುಷ್ಯ ತಾನೇ ಹೋಗಿ ಆ ಬಾಗಿಲಿಗೆ ಹೆಗಲು ಕೊಡಬಹುದೇ? ಇದೇ ನನ್ನ ಸಿಟ್ಟು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ಅದಕ್ಕೇ ಮಾಡಿಕೊಳ್ಳುತ್ತೇನೆ.

ಹನ್ನೊಂದನೆಯ ದಿನ ಬಾಗಲೂರಿಗೆ ಹೋಗಿದ್ದೆವು. ಅವರ ಹೆಂಡತಿ ಬೈರಮ್ಮ ನನ್ನನ್ನು ಒಳಗೆ ಕರೆದು ಕೈ ಹಿಡಿದುಕೊಂಡರು. "ಬುಧವಾರ ಮುದ್ದೆಗೆ ಸಾರು ಇನ್ನೊಂದ್ ಸೌಟು ಕೇಳುದ್ರು, ಆಕ್ಬಿಟ್ಟೆ. ಕುಡಿಯಾಕೆ ನೀರೂ ಕೊಟ್ಟೆ. ನಾನೇ ಸಾಯಿಸ್ಬಿಟ್ನೇನೋ ಅನ್ಸುತ್ತೆ. ಅವತ್ತು ತೂಕ ಎಷ್ಟಿತ್ತಮ್ಮ? ನೀನು ನೋಡಿದ್ಯಾ?"

"ಐವತ್ತೈದು," ಎಂದೆ. "ನಾನೇ ನೋಡಿದೆ."

ಬೈರಮ್ಮನವರ ಹಿಡಿತ ಸಡಿಲವಾಯಿತು. ಊಟ ಮಾಡಿಕೊಂಡೇ ಹೋಗಬೇಕೆಂದು ಎಲೆ ಹಾಕಿದರು. ಆ ಸುಳ್ಳು ಅವರಿಗೋಸ್ಕರ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ, ಬಡಿಸಿದ್ದನ್ನೆಲ್ಲ ಉಂಡೆ.