ಬೀರುವಿನಲ್ಲಿ ಬಿಟ್ಟ ಲೋಟ

ಜಿಗಣಿ ಕಡೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ನಾನು ನಾಲ್ಕು ವರ್ಷ ಇತಿಹಾಸ ಪಾಠ ಮಾಡಿದೆ. ನಾಲ್ಕು ವರ್ಷ ಎನ್ನುವುದು ಬಾಯಿಮಾತು. ಕಾಗದದ ಮೇಲೆ ಅದು ಎಂಟು ತುಂಡು. ನಾನು ಅತಿಥಿ ಉಪನ್ಯಾಸಕಿ. ಸೆಮಿಸ್ಟರ್ ಮುಗಿದ ದಿನ ನಮ್ಮನ್ನು ಬಿಡುಗಡೆ ಮಾಡುತ್ತಾರೆ, ಮುಂದಿನದಕ್ಕೆ ಹೊಸ ಆದೇಶ ಬರಬೇಕು. ನಡುವೆ ಖಾಯಂ ಉಪನ್ಯಾಸಕರು ಯಾರಾದರೂ ವರ್ಗವಾಗಿ ಬಂದರೆ ಆ ಪಾಠದ ಗಂಟೆಗಳೆಲ್ಲ ಅವರಿಗೆ. ಆದೇಶದಲ್ಲೇ ಹಾಗೆಂದು ಬರೆದಿರುತ್ತದೆ. ಸಹಿ ಹಾಕುವಾಗ ಯಾರೂ ಆ ಸಾಲನ್ನು ಎರಡು ಸಲ ಓದುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಅತಿಥಿಗಳಿಗೆಲ್ಲ ಸೇರಿ ಒಂದೇ ಬೀರು. ಬಿಡುಗಡೆಯ ದಿನ ಅದನ್ನು ಖಾಲಿ ಮಾಡಿ ಗುಮಾಸ್ತರಿಗೆ ಬೀಗದ ಕೈ ಕೊಡಬೇಕು. ಆದರೆ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ಪ್ರತಿಯೊಬ್ಬರೂ ಒಂದು ವಸ್ತುವನ್ನು ಒಳಗೇ ಬಿಡುತ್ತಿದ್ದರು: ಛತ್ರಿ, ಸ್ವೆಟರ್, ಅರ್ಧ ಬಳಸಿದ ಸೀಮೆಸುಣ್ಣದ ಡಬ್ಬಿ. ಏನಾದರೂ ಬಿಟ್ಟುಬಂದರೆ ವಾಪಸ್ ಬರುತ್ತೇವೆ ಎಂಬ ನಂಬಿಕೆ. ಯಾರು ಶುರುಮಾಡಿದರೋ ಗೊತ್ತಿಲ್ಲ.

"ಬೀರು ಖಾಲಿ ಅಂತ ಬರ್ಕೊಳ್ಲಾ ಮೇಡಂ?" ಎಂದು ಗುಮಾಸ್ತರು ಕೇಳುತ್ತಿದ್ದರು.

"ಬರ್ಕೊಳ್ಳಿ ಸಾರ್."

"ಮತ್ತೆ ಆ ಛತ್ರಿ?"

"ಯಾವ ಛತ್ರಿ?"

"ಸರಿ ಬಿಡಿ, ನಂಗೂ ಕಣ್ಣು ಕಾಣಾಕಿಲ್ಲ," ಎಂದು ನಗುತ್ತಾ ಖಾಲಿ ಎಂದೇ ಬರೆದುಕೊಳ್ಳುತ್ತಿದ್ದರು.

ಕೊನೆಯ ಸಲ ನಾನು ಬಿಟ್ಟದ್ದು ಒಂದು ಸ್ಟೀಲ್ ಲೋಟ. ಅದರ ಜೊತೆಗೆ ಒಂದು ಮಾತನ್ನೂ ಬಿಟ್ಟುಬಂದಿದ್ದೆ. ಎರಡನೇ ವರ್ಷದ ತರಗತಿಗೆ, ರಜೆ ಮುಗಿದ ಕೂಡಲೇ ಬೇಗೂರಿಗೆ ಕರೆದೊಯ್ದು ಅಲ್ಲಿಯ ದೇವಸ್ಥಾನದಲ್ಲಿರುವ, ಬೆಂಗಳೂರಿನ ಹೆಸರು ಕೆತ್ತಿದ ಹಳೆಯ ಶಾಸನದ ಕಲ್ಲನ್ನು ತೋರಿಸುತ್ತೇನೆ ಎಂದಿದ್ದೆ. ನನ್ನ ಮನೆ ಇರುವುದು ಬೇಗೂರಿನಲ್ಲೇ.

"ಪಕ್ಕಾನಾ ಮ್ಯಾಮ್? ಆಮೇಲೆ ಸಿಲಬಸ್ ಅಂತ ಕೈ ಕೊಡ್ಬೇಡಿ," ಎಂದಿದ್ದಳು ಮುಂದಿನ ಬೆಂಚಿನ ಹುಡುಗಿ.

"ಪಕ್ಕಾ ಕಣೇ," ಎಂದಿದ್ದೆ.

ರಜೆಯಲ್ಲೇ ಇತಿಹಾಸಕ್ಕೆ ಖಾಯಂ ಮೇಡಂ ಒಬ್ಬರು ವರ್ಗವಾಗಿ ಬಂದರು. ನನಗೆ ಸಿಕ್ಕಿದ್ದು ಪೀಣ್ಯದ ಕಡೆಯ ಕಾಲೇಜು. ಎರಡು ಬಸ್ಸು, ಒಂದು ಮೆಟ್ರೋ. ಅಲ್ಲಿಯ ಮಕ್ಕಳೂ ಒಳ್ಳೆಯವರೇ. ಆದರೂ ಹಾಜರಿ ಕೂಗುವಾಗ ಬಾಯಿಗೆ ಹಳೆಯ ತರಗತಿಯ ಹೆಸರುಗಳೇ ಬರುತ್ತಿದ್ದವು.

ಮುಂದಿನ ವರ್ಷದ ಅರ್ಜಿಗೆ ಸೇವಾ ಪ್ರಮಾಣಪತ್ರ ಬೇಕಾಗಿ ಕಳೆದ ತಿಂಗಳು ಜಿಗಣಿಗೆ ಹೋದೆ. ಗುಮಾಸ್ತರು ಪತ್ರ ಕೊಟ್ಟು, "ಒಳಗ್ ಹೋಗ್ಬನ್ನಿ ಮೇಡಂ, ನಿಮ್ ಆಸ್ತಿ ಅಂಗೇ ಐತೆ," ಎಂದರು. ಲೋಟ ಹೊಸ ಮೇಡಂ ಮೇಜಿನ ಮೇಲೆ ಪೆನ್ನುಗಳನ್ನು ಹೊತ್ತು ನಿಂತಿತ್ತು. ಅವರ ಮೇಲೆ ಸಿಟ್ಟಾಗಲು ಸಿದ್ಧಳಾಗಿಯೇ ಹೋಗಿದ್ದೆ. ಅವರು ಎದ್ದು ಕುರ್ಚಿ ಎಳೆದುಕೊಟ್ಟರು. ಏಳು ವರ್ಷ ರಾಯಚೂರಿನ ಕಡೆ ಒಬ್ಬರೇ ಇದ್ದು, ಈಗ ಮಗಳ ಹತ್ತಿರ ಬಂದಿದ್ದಾರಂತೆ. ಸಿಟ್ಟು ಎಲ್ಲಿಡಬೇಕೋ ತಿಳಿಯಲಿಲ್ಲ.

"ನೀವು ಮಕ್ಕಳಿಗೆ ಬೇಗೂರು ತೋರಿಸ್ತೀನಿ ಅಂದಿದ್ರಂತೆ. ದಿನಾ ನನ್ನ ತಲೆ ತಿಂತಿದ್ದಾರೆ. ಈ ಶನಿವಾರ ಹೊರಟಿದ್ದೀವಿ, ನೀವೂ ಬನ್ನಿ ಮೇಡಂ."

ಶನಿವಾರ ಪೀಣ್ಯದಲ್ಲಿ ನನಗೆ ಮೊದಲ ಪೀರಿಯಡ್ ಇತ್ತು. ಹಾಗೆಂದು ಹೇಳಿದೆ. ರಜೆ ಕೇಳಬಹುದಿತ್ತು. ಆ ಮಕ್ಕಳ ಮುಂದೆ ನಿಜವಾಗಿಯೂ ಅತಿಥಿಯಾಗಿ ನಿಲ್ಲಲು ನನಗೆ ಧೈರ್ಯವಿರಲಿಲ್ಲವೇನೋ. ಮೇಡಂ ಅವರ ಪುಸ್ತಕದ ಹಾಳೆಯಲ್ಲಿ ದೇವಸ್ಥಾನದ ನಕ್ಷೆ ಬರೆದು ಕಲ್ಲು ಇರುವ ಜಾಗ ಗುರುತು ಮಾಡಿದೆ. ಬೆಳಿಗ್ಗೆ ಬೇಗ ಹೋಗಿ, ಓರೆಬಿಸಿಲಿದ್ದರೆ ಅಕ್ಷರಗಳು ಎದ್ದು ಕಾಣುತ್ತವೆ ಎಂದೆ. ಅವರು ಪೆನ್ನುಗಳನ್ನು ಸುರಿದು ಲೋಟ ಮುಂದೆ ಹಿಡಿದರು.

"ನಿಮ್ಮದಂತೆ, ತಗೊಳ್ಳಿ."

"ಇರ್ಲಿ ಬಿಡಿ ಮೇಡಂ," ಎಂದು ಎದ್ದೆ.

ಹೊರಗೆ ಗುಮಾಸ್ತರು ನನ್ನ ಖಾಲಿ ಕೈ ನೋಡಿದರು.

ಲೋಟವನ್ನು ಮೊದಲ ಸಲ ಬೇಕೆಂದೇ ಬಿಟ್ಟಿದ್ದೆ ಎಂದು ಇಷ್ಟು ದಿನ ನಂಬಿದ್ದೆ. ಆ ಬಿಡುಗಡೆಯ ದಿನದ ಡೈರಿ ತೆಗೆದು ನೋಡಿದರೆ 'ಲೋಟ ಮರೆತೆ' ಎಂದಿದೆ. ಒಂದೇ ಆಧಾರವನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳುತ್ತಿದ್ದವಳು ನಾನು. ವಾಪಸ್ ಬರುವ ಆಸೆಯನ್ನು ಒಪ್ಪಿಕೊಳ್ಳಲು ನಾಚಿ ಡೈರಿಗೂ ಸುಳ್ಳು ಹೇಳಿರಬಹುದು. ಈ ಸಲ ಮಾತ್ರ ಮರೆತದ್ದಲ್ಲ ಎಂದು ಬರೆದಿಟ್ಟಿದ್ದೇನೆ.

ಶನಿವಾರ ಬೇಗೂರಿನ ಸ್ಟಾಪಿನಲ್ಲಿ ಒಂದು ಬಸ್ಸನ್ನು ಬೇಕೆಂದೇ ಬಿಟ್ಟೆ. ಎರಡನೆಯದನ್ನು ಬಿಡುವಂತಿರಲಿಲ್ಲ, ಹತ್ತಿದೆ. ತಿರುವಿನಲ್ಲಿ ಎದುರಿನಿಂದ ಒಂದು ಕಾಲೇಜು ಬಸ್ಸು ಬಂತು. ಕಿಟಕಿಯಿಂದ ಯಾರೋ ಕೈ ಬೀಸಿದ ಹಾಗಿತ್ತು. ಅವರು ಜಿಗಣಿಯ ಮಕ್ಕಳೇ ಎಂದು ಬರೆಯಲಾರೆ, ಮುಖ ಕಾಣಲಿಲ್ಲ. ನಾನೂ ಕೈ ಬೀಸಿದೆ. ಅದಷ್ಟು ಖಚಿತ.