ಹೆಗಲಿನ ಪಟ್ಟಿ

೨೦೧೬ನೇ ಇಸವಿ. ತೈಲದ ರೇಟು ನೆಲಕ್ಕೆ ಬಿದ್ದಿದ್ದ ಕಾಲ. ಒಮಾನಿನ ದುಕ್ಮ್‌ನಲ್ಲಿ ಲೇಬರ್ ಕ್ಯಾಂಪಿನ ಎದುರಿನ ಅಂಗಡಿ ಸಾಲಿನಲ್ಲಿ ನಾನು ಟೇಲರ್ ಆಗಿದ್ದೆ. ಗದಗ ಕಡೆಯವನು, ನಾಲ್ಕನೇ ಇಯತ್ತೆ ಕಲಿತವನು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಮೊನ್ನೆ ನನ್ನ ಮೊಮ್ಮಗಳು ನಿಧಿ ಮಸ್ಕತ್ತಿನ ತನ್ನ ಶಾಲೆಯಲ್ಲಿ, ಇಡೀ ಕ್ಲಾಸಿನ ಮುಂದೆ ನಿಂತು, ನನ್ನ ಅಂಗಡಿಯ ಸಂಗತಿ ಹೇಳಿ ಬಂದಿದ್ದಾಳೆ. ಆ ಹಿಗ್ಗು ಎದೆಯಲ್ಲಿ ಹಿಡಿಸುತ್ತಿಲ್ಲ. ಅದಕ್ಕೇ ಪೆನ್ನು ಹಿಡಿದೆ.

ಅವಳ ಪಾಠ ಕ್ರುಸೇಡ್ ಎಂಬ ಧರ್ಮಯುದ್ಧ. ಒಂಬೈನೂರು ವರ್ಷಕ್ಕೂ ಹಿಂದೆ ಪೋಪ್ ಕರೆ ಕೊಟ್ಟನಂತೆ, ಮುಸಲ್ಮಾನರಿಂದ ಜೆರುಸಲೇಮ್ ಬಿಡಿಸಿಕೊಳ್ಳಿ, ನಿಮ್ಮ ಪಾಪ ಕಳೆಯುತ್ತದೆ ಎಂದು. ಜನ ಬಟ್ಟೆಯ ಶಿಲುಬೆ ಹೆಗಲಿಗೆ ಹೊಲಿಸಿಕೊಂಡು ಹೊರಟರಂತೆ. ಮುಂದೆ ಆಚೆ ಕಡೆಯವರೂ ದೇವರ ಹೆಸರಲ್ಲೇ ಎದ್ದರಂತೆ.

"ಅಜ್ಜಾ, ಟೀಚರ್ ಕೇಳಿದ್ದಾರೆ. ಫೇಯ್ತ್ ಆರ್ ಲ್ಯಾಂಡ್? ಭಕ್ತಿಗೆ ಹೋದ್ರಾ, ಆಸ್ತಿಗೆ ಹೋದ್ರಾ?"

ಹೆಗಲಿಗೆ ಹೊಲಿಸಿಕೊಂಡರು ಅಂದಕೂಡಲೇ ನನ್ನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಆ ವರ್ಷ ಕಂಪನಿಗಳು ದಿನಕ್ಕೊಂದು ಖರ್ಚು ಕತ್ತರಿಸುತ್ತಿದ್ದವು. ಓವರ್‌ಟೈಮ್ ಹೋಯಿತು. ಯಾರನ್ನು ಊರಿಗೆ ಕಳಿಸುತ್ತಾರೋ ಎಂದು ಎಲ್ಲರಿಗೂ ಒಳಗೊಳಗೇ ಪುಕಪುಕ. ಕ್ಯಾಂಪಿನಲ್ಲಿ ಭಜನೆಗೊಂದು, ನಮಾಜಿಗೊಂದು ಕ್ಯಾಬಿನ್ ಇದ್ದವು. ಕರೆಂಟು ಉಳಿಸಲು ಒಂದಕ್ಕೆ ಬೀಗ ಹಾಕಿ, ಇಬ್ಬರೂ ಒಂದರಲ್ಲೇ ಹೊತ್ತು ಹಂಚಿಕೊಳ್ಳಿ ಎಂದರು. ಒಂದು ಸಂಜೆ ಅಲ್ಲಿ ವಿಠ್ಠಲನ ಫೋಟೋ ನೆಲಕ್ಕೆ ಬಿದ್ದು ಗಾಜು ಒಡೆದಿತ್ತು. ಯಾರು ಕೆಡವಿದರೋ, ಗಾಳಿಗೇ ಬಿತ್ತೋ, ಇವತ್ತಿಗೂ ಗೊತ್ತಿಲ್ಲ.

ಆ ಫೋಟೋ ಬಾಗಲಕೋಟೆಯ ಸಿದ್ದುವಿನದು. ಸ್ಕ್ಯಾಫೋಲ್ಡಿಂಗ್ ಕಟ್ಟುವ ಹುಡುಗ, ಅವ್ವ ಕೊಟ್ಟು ಕಳಿಸಿದ್ದ ಫೋಟೋ. ಮರುದಿನ ಅವನು ಕವರಾಲ್‌ಗಳ ಗಂಟು ಹೊತ್ತು ಅಂಗಡಿಗೆ ಬಂದ. ಕವರಾಲ್ ಎಂದರೆ ಸೈಟಿನಲ್ಲಿ ತೊಡುವ, ಅಂಗಿ ಪ್ಯಾಂಟು ಕೂಡಿಯೇ ಇರುವ ನೀಲಿ ಬಟ್ಟೆ. ಜೊತೆಗೆ ಒಂದು ತುಂಡು ಕೇಸರಿ ಬಟ್ಟೆ.

"ಕಾಕಾ, ಎಲ್ಲಾದಕ್ಕೂ ಹೆಗಲ ಮ್ಯಾಲೆ ಒಂದೊಂದು ಪಟ್ಟಿ ಹಚ್ರಿ. ಶುಕ್ರವಾರದೊಳಗ ಬೇಕು."

ಗಿರಾಕಿ ಬಂದರೆ ಮೊದಲು ಕೇಳುವುದು ನಮ್ಮ ಕಸುಬಿನ ರೂಢಿ: ಮದುವೆಗೋ, ಡ್ಯೂಟಿಗೋ? ಅದರ ಮೇಲೆ ಹೊಲಿಗೆ. ಹಾಗೇ ಕೇಳಿದೆ, "ಏನು ಕಾರ್ಯಕ್ರಮಪ್ಪಾ?"

"ಎಲ್ಲಾರದ್ದೂ ನೀಲಿನೇ ಅಲ್ಲೇನ್ರಿ? ಹೊಡಿಯುವಾಗ ನಮ್ಮವ್ರು ಯಾರಂತ ತಿಳೀಬೇಕಲ್ಲ."

ಹಾಗೆ ಹೇಳಿ ಹೋದ. ಇಂಥ ಜಗಳ ಆದರೆ ಈ ದೇಶದಲ್ಲಿ ಮೊದಲು ಜೈಲು, ಆಮೇಲೆ ಊರಿಗೆ ವಿಮಾನ. ಯಾರದಾದರೂ ತಲೆ ಒಡೆದರೆ ವಿಮಾನವೂ ಇಲ್ಲ.

ಪಕ್ಕದ ಅಂಗಡಿ ಪಾಕಿಸ್ತಾನದ ಬಶೀರ್ ಮಾಸ್ತರನದು. ವ್ಯಾಪಾರ ಬಿದ್ದ ಮೇಲೆ ಅವನು ತನ್ನ ಓವರ್‌ಲಾಕ್ ಮಾರಿದ್ದ, ಅಂದರೆ ಬಟ್ಟೆಯ ಅಂಚು ಕಟ್ಟುವ ಮಷೀನು. ನಾನು ಇಸ್ತ್ರಿ ಮಾರಿದ್ದೆ. ಅವನ ಇಸ್ತ್ರಿ, ನನ್ನ ಓವರ್‌ಲಾಕ್, ಹೀಗೆ ಸಂಸಾರ ನಡೆದಿತ್ತು. ಮಧ್ಯಾಹ್ನ ಬಶೀರ್ ಕಂಕುಳಲ್ಲಿ ಬಟ್ಟೆ ಇಟ್ಟುಕೊಂಡು ಬಂದ. ಮಷೀನಿನ ಮೇಲೆ ನಾನು ಕತ್ತರಿಸಿಟ್ಟ ಕೇಸರಿ ಪಟ್ಟಿಗಳು. ಅವನ ಕಂಕುಳಲ್ಲಿ ಹಸಿರು ಪಟ್ಟಿಗಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನು ಸ್ಟೂಲು ಎಳೆದುಕೊಂಡು ಕೂತ.

"ಹಮಾರೇ ಹೀ ಹಾಥ್ ಸೇ, ಭಾಯಿ?" ಅಂದ. ನಮ್ಮ ಕೈಯಿಂದಲೇ ಏನು?

ಆ ಪಟ್ಟಿಗಳಿಗೆ ನಾವು ಸೂಜಿ ತಾಗಿಸಲಿಲ್ಲ. ಸಿದ್ದು ಬಂದಾಗಲೆಲ್ಲ "ನಾಳೆ" ಅಂದೆ. ಟೇಲರನ ನಾಳೆಗೆ ಯಾರೂ ಸಂಶಯಪಡುವುದಿಲ್ಲ ನೋಡಿ. ಗುರುವಾರ ಸಂಜೆ ಅವನು ಸಿಟ್ಟಿಗೆದ್ದ. "ಕಾಕಾ, ನಿಮ್ಮ ನಾಳೆ ನಮ್ಮ ಕಂಪನಿ ಪಗಾರ ಇದ್ದಂಗ ಐತಿ, ಬರಂಗೇ ಇಲ್ಲ!"

ಕೈ ಹಿಡಿದು ಅವನನ್ನು ಬಶೀರನ ಅಂಗಡಿಗೆ ಕರೆದೊಯ್ದೆ. ಅಲ್ಲಿ ಹಸಿರು ಪಟ್ಟಿಗಳ ರಾಶಿ. ಅವನ್ನು ಕೊಟ್ಟಿದ್ದ ಕ್ರೇನ್ ಡ್ರೈವರ್ ಜಮೀಲನನ್ನೂ ಬಶೀರ್ ಕರೆಸಿ ಕೂರಿಸಿದ್ದ. ಸಿದ್ದುವನ್ನು ಕಂಡು ಅವನು ಧಡಕ್ಕನೆ ಎದ್ದು ನಿಂತ.

"ಕ್ಯಾಬಿನಿಗೆ ಬೀಗ ಬೀಳೋಕ್ಕಿಂತ ಮೊದಲ ಈ ಸಿಟ್ಟು ಎಲ್ಲಿತ್ತೋ ಸಿದ್ದು?" ಎಂದು ಕೇಳಿದೆ.

"ದೇವರ ಸುದ್ದಿಗೆ ಬರಬ್ಯಾಡ್ರಿ ಕಾಕಾ!" ಅವನ ಕಣ್ಣಲ್ಲಿ ನೀರು. "ನನಗ ನೌಕರಿ ಹೋದ್ರೂ ಅಡ್ಡಿಯಿಲ್ಲ, ಜೀವ ಹೋದ್ರೂ ಅಡ್ಡಿಯಿಲ್ಲ. ಅವ್ವನ ವಿಠ್ಠಲ ಅವ."

ಅವನು ಸುಳ್ಳು ಆಡುತ್ತಿರಲಿಲ್ಲ. "ನಿನ್ನ ಭಕ್ತಿ ಖರೇ ಐತಪ್ಪಾ," ಅಂದೆ, "ಅದಕ್ಕೇ ನನಗ ಅಂಜಿಕಿ. ಸುಳ್ಳಿದ್ರ ನಾಲ್ಕು ಏಟು ಬಿದ್ದಕೂಡ್ಲೇ ಓಡಿಹೋಗ್ತಿದ್ದಿ."

ಬಶೀರ್ ಅದನ್ನೇ ಉರ್ದುವಿನಲ್ಲಿ ಜಮೀಲನಿಗೆ ಹೇಳಿದ. ಆಮೇಲೆ ಜಮೀಲನೇ ಬಾಯಿಬಿಟ್ಟ: ಆ ಇನ್ನೊಂದು ಕ್ಯಾಬಿನ್ ತೆಗೆದಿದ್ದರೆ ಇದು ಇಲ್ಲಿಗೆ ಬರುತ್ತಿರಲಿಲ್ಲ.

ನಾಲ್ವರೂ ಕ್ಯಾಂಪ್ ಬಾಸ್ ಹತ್ತಿರ ಹೋದೆವು. ಒಮಾನಿ, ವಯಸ್ಸಾದವರು. ಎರಡು ಬಣ್ಣದ ಪಟ್ಟಿಗಳನ್ನು ಮೇಜಿನ ಮೇಲಿಟ್ಟು, ಬೀಗ ಹಾಕಿದ ಕ್ಯಾಬಿನ್ ತೆಗೆಸಿಕೊಡಿ ಎಂದೆ. ನೋಡಿದರು, ಬೀಗದ ಕೈ ತೆಗೆದುಕೊಟ್ಟರು. "ಎಸಿ ಇಲ್ಲ, ಜಾಗ ಇದೆ. ಖಲಾಸ್."

ಶುಕ್ರವಾರ ಒಂದಿಷ್ಟು ಬೈಗುಳ ಹಾರಿದವು, ಯಾರೂ ಕೈ ಎತ್ತಲಿಲ್ಲ. ಮುಂದಿನ ತಿಂಗಳು ಸಿದ್ದುವನ್ನು ಕಂಪನಿ ಹೇಗೂ ಮನೆಗೆ ಕಳಿಸಿತು. ಹೋಗುವ ದಿನ ಅಂಗಡಿಗೆ ಬಂದು, "ಕಾಕಾ, ಆ ಕೇಸರಿ ಬಟ್ಟಿ ಉಳದೈತೇನ್ರಿ?" ಅಂದ. ಪಟ್ಟಿಗಳನ್ನೆಲ್ಲ ಜೋಡಿಸಿ, ಓವರ್‌ಲಾಕ್ ಹೊಡೆದು ಕೊಟ್ಟೆ. ಒಡೆದ ಗಾಜಿನ ವಿಠ್ಠಲನನ್ನು ಅದರಲ್ಲೇ ಸುತ್ತಿಕೊಂಡು ಬಸ್ಸು ಹತ್ತಿದ.

ಹಾಗಾದರೆ ಭಕ್ತಿಯೋ ಆಸ್ತಿಯೋ? ಬಟ್ಟೆಯಿಲ್ಲದೆ ಹೊಲಿಗೆಯಿಲ್ಲ, ದಾರವಿಲ್ಲದೆಯೂ ಇಲ್ಲ ಮಗಾ ಅಂದೆ. ಜಾಗ ಹೋದೀತು, ನೌಕರಿ ಹೋದೀತು ಎಂಬ ಅಂಜಿಕೆ ಬಟ್ಟೆ, ಭಕ್ತಿ ದಾರ. ದಾರ ಗಟ್ಟಿ ಇದ್ದಷ್ಟೂ ಹರಿಯುವುದು ಕಷ್ಟ. ನಿಧಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳಂತೆ. ಕೊನೆಗೆ ಟೀಚರಿಗೆ ತನ್ನದೇ ಒಂದು ಪ್ರಶ್ನೆ ಹಾಕಿದಳಂತೆ, ನನ್ನ ಬಂಗಾರಿ: "ಆ ಶಿಲುಬೆಗಳನ್ನು ಹೊಲಿದುಕೊಟ್ಟವರು ಯಾರು?"

ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲವಂತೆ. ನನ್ನಂಥವರೇ ಇದ್ದಿರಬೇಕು, ಕೈಯಲ್ಲಿ ಕತ್ತರಿ, ಕೊರಳಲ್ಲಿ ಟೇಪು. ಇದನ್ನು ತೊಟ್ಟು ಎಲ್ಲಿಗೆ ಹೋಗ್ತೀಯಪ್ಪಾ ಎಂದು ಅವರೂ ಕೇಳಿರಬಹುದು. ಪಾಪ, ಪಕ್ಕದ ಅಂಗಡಿಯಲ್ಲಿ ಅವರಿಗೊಬ್ಬ ಬಶೀರ್ ಇರಲಿಲ್ಲ.